ಬೇಳೆ ಒಡೆದರೆ ನೀರಾಯಿತು

ಮೂಡಲಲ್ಲಿ ಇನ್ನೂ ಕೆಂಪು ಹರಿದಿಲ್ಲ. ಮಾರ್ಗಶಿರದ ಚಳಿ ಜೋಳದ ಹೊಲಗಳ ಮೇಲೆ ಹಾಗೇ ಕುಳಿತಿದೆ. ಸವದತ್ತಿಯಿಂದ ರಾಮದುರ್ಗಕ್ಕೆ ಹೋಗುವ ಗಾಡಿದಾರಿಯ ಬಲಕ್ಕೆ, ಊರಿನಿಂದ ಕೂಗಳತೆಯಾಚೆ ಸಾರಾಯಿ ಇಳಿಸುವ ಒಂದು ಸೆರೆಭಟ್ಟಿ ಇದೆ. ಅದರ ಹಿತ್ತಿಲಲ್ಲಿ ಹನ್ನೆರಡು ಹರವಿಗಳು ಸಾಲಾಗಿ ನಿಂತಿವೆ. ದೊಡ್ಡ ಹೊಟ್ಟೆಯ ಮಣ್ಣಿನ ಹರವಿಗಳು. ಶೆಟ್ಟೆವ್ವ ಮೊದಲನೆಯದರ ಮುಂದೆ ಕುಕ್ಕರಗಾಲಲ್ಲಿ ಕುಳಿತು ಬಲಗೈಯನ್ನು ಮೊಣಕೈವರೆಗೆ ನೀರಿಗೆ ಇಳಿಸುತ್ತಾಳೆ. ನೀರು ಅಲುಗುವುದಿಲ್ಲ. ಕೈ ಹೊರಗೆ ತೆಗೆದು ಹೆಬ್ಬೆರಳಿಗೆ ತೋರುಬೆರಳು ಉಜ್ಜಿ ನೋಡುತ್ತಾಳೆ.

“ಜಾರಬೇಕ್ರಿ” ಎನ್ನುತ್ತಾಳೆ. “ಬಾವಿ ನೀರ ಬೆರಳಿಗೆ ಹಿಡಕೋತೈತಿ. ಪಳಗಿದ ನೀರ ಜಾರತೈತಿ.”

ಪಳಗಿದ ನೀರು ಎಂಬುದು ಅವಳ ಮಾತು. ಹೋರಿ ಪಳಗಿಸುವ ಹಾಗೆ ಅವಳು ನೀರು ಪಳಗಿಸುತ್ತಾಳೆ. ಭಟ್ಟಿಯ ಬಾವಿಯದು ಗಡಸು ನೀರು, ಸುಣ್ಣಗಲ್ಲಿನ ನೆಲದಿಂದ ಬರುವಂಥದು. ಹಿಂದಿನ ದಿನ ಇಳಿಹೊತ್ತಿಗೆ ಅದನ್ನು ಸೇದಿ ಹರವಿಗಳಿಗೆ ತುಂಬಿ, ಹತ್ತಿಕಟ್ಟಿಗೆ ಸುಟ್ಟ ಬೂದಿಯನ್ನು ಒಂದೊಂದಕ್ಕೆ ಎರಡು ಬೊಗಸೆಯಂತೆ ಹಾಕಿ ಕಲಕಿಬಿಡುತ್ತಾಳೆ. ಬೆಳಗಾಗುವಷ್ಟರಲ್ಲಿ ಬೂದಿಯ ಜೊತೆಗೆ ಬಿಳಿಯ ಕೆಸರೊಂದು ತಳಕ್ಕೆ ಇಳಿದಿರುತ್ತದೆ. ಮೇಲಿನ ತಿಳಿಯನ್ನು ಅಲುಗಿಸದೆ ಬಸಿದುಕೊಳ್ಳಬೇಕು. ಅದಕ್ಕೇ ಹೊತ್ತು ಮೂಡುವ ಮೊದಲು ಬರುತ್ತಾಳೆ. ಹಗಲಾದರೆ ಜನ ಓಡಾಡುತ್ತಾರೆ, ಗಾಡಿಗಳು ಬರುತ್ತವೆ, ನೆಲ ನಡುಗುತ್ತದೆ, ಕೆಸರು ಏಳುತ್ತದೆ.

ಬೆರಳಿನ ಪರೀಕ್ಷೆ ಮುಗಿದ ಮೇಲೆ ಇನ್ನೊಂದಿದೆ. ಹಿಂದಿನ ದಿನದ ಒಲೆಯಲ್ಲಿ ಉಳಿದ ಕೆಂಡ ಕೆದರಿ, ಸಣ್ಣ ಗಡಿಗೆಯಲ್ಲಿ ಆ ನೀರಿಟ್ಟು, ಸೆರಗಿನ ಗಂಟಿನಿಂದ ಒಂದು ಹಿಡಿ ತೊಗರಿಬೇಳೆ ಬಿಚ್ಚಿ ಹಾಕುತ್ತಾಳೆ. ಹನ್ನೆರಡೂ ಹರವಿ ಬಸಿಯುವ ಹೊತ್ತಿಗೆ ಬೇಳೆ ಬೆಂದಿರಬೇಕು. ಒಂದು ಕಾಳು ತೆಗೆದು ಎರಡು ಬೆರಳ ನಡುವೆ ಒತ್ತುತ್ತಾಳೆ. ಒಡೆಯುತ್ತದೆ.

“ಬ್ಯಾಳಿ ಒಡದ್ರ ನೀರ ಆತ್ರಿ. ಒಡೀಲಿಲ್ಲಂದ್ರ ಇನ್ನೊಂದ ಬೊಗಸಿ ಬೂದಿ.” ಪರೀಕ್ಷೆ ಮುಗಿದ ಬೇಳೆಗೆ ಉಪ್ಪು ಹಾಕಿ ರೊಟ್ಟಿಯ ಜೊತೆ ಉಣ್ಣುತ್ತಾಳೆ. ದಿನದ ಮೊದಲ ಊಟ ಅದೇ.

ಸೆರೆಯ ಒಳಿತು ಕೆಡುಕು ಓದುಗರಿಗೆ ತಿಳಿದದ್ದೇ. ಇಲ್ಲಿ ಅದರ ಮಾತಿಲ್ಲ. ಶೆಟ್ಟೆವ್ವನೂ ಹನಿ ಸೆರೆ ನಾಲಿಗೆಗೆ ಮುಟ್ಟಿಸಿದವಳಲ್ಲ. ಅವಳ ಕೆಲಸ ಪಾತ್ರೆ ತೊಳೆಯುವುದು.

ಭಟ್ಟಿಯ ಕೆಲಸ ನೋಡುವುದಕ್ಕೆ ಸರಳ. ಸಂಪಗಾಂವದ ಕಡೆಯಿಂದ ಬರುವ ಬೆಲ್ಲವನ್ನು ಜಾಲಿಯ ಚಕ್ಕೆಯೊಡನೆ ನೀರಿನಲ್ಲಿ ಕೊಳೆಹಾಕುತ್ತಾರೆ. ನಾಲ್ಕೈದು ದಿನಕ್ಕೆ ಹುಳಿತು ನೊರೆಯೇಳುವ ಕೊಳೆಯನ್ನು ತಾಮ್ರದ ಹಂಡೆಗೆ ತುಂಬಿ, ಮುಚ್ಚಳದ ಸಂದಿಗೆ ಮಣ್ಣು ಮೆತ್ತಿ, ಕೆಳಗೆ ಉರಿ ಹಾಕುತ್ತಾರೆ. ಏಳುವ ಆವಿ ತಾಮ್ರದ ನಳಿಗೆ ಹಿಡಿದು ಹೊರಟು ಕಲ್ಲಿನ ಡೋಣಿಗೆ ಇಳಿಯುತ್ತದೆ. ಡೋಣಿ ಎಂದರೆ ಎತ್ತಿನ ಗಾಡಿಯಷ್ಟು ಉದ್ದದ ತೊಟ್ಟಿ. ಅದರೊಳಗೆ ನಳಿಗೆ ಹನ್ನೊಂದು ಸುತ್ತು ಸುರುಳಿಯಾಗಿದೆ. ಸುತ್ತಲೂ ತಣ್ಣೀರು. ಆವಿ ಸುತ್ತು ಸುತ್ತಿ ಇಳಿಯುತ್ತ ತಣ್ಣಗಾಗಿ, ಕೊನೆಯ ಬಾಯಿಂದ ಹನಿಯಾಗಿ ಬೀಳುತ್ತದೆ.

ನಳಿಗೆ ಬಿಸಿ, ನೀರು ಗಡಸು. ನೀರಿನಲ್ಲಿದ್ದ ಸುಣ್ಣ ತಾಮ್ರಕ್ಕೆ ಹತ್ತಿಕೊಳ್ಳುತ್ತದೆ. ಮೊದಲು ಬೂದಿ ಬಳಿದ ಹಾಗೆ, ಆಮೇಲೆ ಗಾಯದ ಹಕ್ಕಳೆಯ ಹಾಗೆ. ಹಕ್ಕಳೆ ದಪ್ಪವಾದಂತೆ ತಂಪು ಒಳಗೆ ಹೋಗುವುದಿಲ್ಲ.

“ನಳಗಿ ಕಂಬಳಿ ಹೊತ್ಕೊಂಡ ಕುಂತಂಗ ಆಗತೈತ್ರಿ. ಹೊರಗ ಎಷ್ಟ ಥಂಡಿ ಇದ್ರೇನು?”

ಆಗ ಕೊನೆಯ ಬಾಯಲ್ಲಿ ಹನಿಯ ಬದಲು ಆವಿಯೇ ಬರತೊಡಗುತ್ತದೆ. ಸೆರೆಯ ಆವಿ ಒಲೆಯ ಕಡೆ ಹರಿದರೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹೊತ್ತುತ್ತದೆ. ಇಂಥ ಭಟ್ಟಿಯೊಂದು ಹೊತ್ತಿ ಚಪ್ಪರದೊಡನೆ ಇಬ್ಬರು ಸುಟ್ಟುಹೋದದ್ದನ್ನು ಶೆಟ್ಟೆವ್ವ ಕೇಳಿ ಬಲ್ಲಳು. ಆದ್ದರಿಂದ ಡೋಣಿಗೆ ಪಳಗಿದ ನೀರನ್ನೇ ತುಂಬಬೇಕು, ಅಷ್ಟಾದರೂ ಕೂಡುವ ಹಕ್ಕಳೆಯನ್ನು ವಾರಕ್ಕೊಮ್ಮೆ ತೆಗೆಯಬೇಕು. ಅವಳ ದುಡಿಮೆಯೆಲ್ಲ ಇಷ್ಟೇ. ದಿನಕ್ಕೆ ಬಾವಿಯಿಂದ ಮೇಲೆತ್ತುವುದು ನಲವತ್ತು ಕೊಡ. ವಾರಕ್ಕೆ ಸುಡುವುದು ಎರಡು ಹೊರೆ ಹತ್ತಿಕಟ್ಟಿಗೆ. ನೆನೆಹಾಕುವುದು ಒಂದು ಮಣ ಹುಣಸೆಹಣ್ಣು. ಹನ್ನೊಂದು ಸುತ್ತು ಉಜ್ಜುವುದಕ್ಕೆ ನಾಲ್ಕು ಹಿಡಿ ಪುಂಡಿನಾರು. ಹದಿನಾಲ್ಕು ವರ್ಷ.

ಕಬ್ಬಿಣವನ್ನು ನಳಿಗೆಯ ಹತ್ತಿರ ತರಗೊಡುವುದಿಲ್ಲ. “ಗೀರಿದ್ರ ತಾಮ್ರದ ಮೈ ಹರಕ ಆಗತೈತಿ. ಹರಕ ಇದ್ದಲ್ಲೇ ಹಕ್ಕಳಿ ಮತ್ತ ಬಂದ ಕುಂದರತೈತಿ.” ಹಕ್ಕಳೆ ಎಲ್ಲಿ ಎಷ್ಟಿದೆ ಎಂಬುದನ್ನು ಕಣ್ಣಿನಿಂದ ನೋಡುವುದಕ್ಕಿಂತ ಹೆಚ್ಚಾಗಿ ಬೆರಳ ಗೆಣ್ಣಿನಿಂದ ತಟ್ಟಿ ಕೇಳುತ್ತಾಳೆ. ಬರಿಯ ತಾಮ್ರ ಠಣ್ ಎನ್ನುತ್ತದೆ. ಹಕ್ಕಳೆ ಹೊತ್ತದ್ದು ಮಾತಾಡುವುದಿಲ್ಲ.

ಈ ಕೆಲಸ ಮೊದಲು ಅವಳ ಗಂಡ ಜಟ್ಟೆಪ್ಪನದು. ಪ್ಲೇಗು ಎರಡನೆಯ ಸಲ ಬಂದ ವರ್ಷ ಅವನು ತೀರಿಕೊಂಡ. ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದ್ದ ಜನ ತಿರುಗಿ ಬಂದಾಗ ಭಟ್ಟಿಯಲ್ಲಿ ಪಾತ್ರೆ ತೊಳೆಯುವವರಿರಲಿಲ್ಲ. ಶೆಟ್ಟೆವ್ವ ಹೋಗಿ ನಿಂತಳು. ಜಟ್ಟೆಪ್ಪ ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದನಷ್ಟೇ, ಬೂದಿ ಹಾಕಿ ನೀರು ಪಳಗಿಸುವುದನ್ನು ತಂದವಳು ಇವಳು. ಅದನ್ನು ಎಲ್ಲಿ ಕಲಿತೆ ಎಂದು ಕೇಳಿದರೆ ನಗುತ್ತಾಳೆ.

“ಭಟ್ಟ್ಯಾಗ ಅಲ್ರಿ, ಒಲಿ ಮುಂದ. ನಮ್ಮ ಕೇರಿ ಬಾವಿ ನೀರಾಗ ಬ್ಯಾಳಿ ಹಾಕಿದ್ರ ಮುಂಜಾನಿ ಇಟ್ಟದ್ದು ಸಂಜೀತನಾ ಕಲ್ಲ ಇದ್ದಂಗ ಇರತೈತಿ. ನಮ್ಮವ್ವ ಬೂದಿ ನೀರ ಹಾಕಿ ಬೇಯಸ್ತಿದ್ಳು, ಅವರವ್ವನೂ ಅಷ್ಟ. ಭಟ್ಟಿ ಬಾವೀದೂ ಅದ ನೀರ, ಅದರ ತಂಗಿ.”

ಊರ ನಡುವೆ ಸಿಹಿನೀರಿನ ಬಾವಿಯೊಂದಿದೆ. ಅದರ ಹಗ್ಗವನ್ನು ಅವಳ ಕೇರಿಯವರು ಮುಟ್ಟುವಂತಿಲ್ಲ. ದೂರ ನಿಂತು ಕಾದರೆ ಯಾರಾದರೂ ಸೇದಿ ಮೇಲಿಂದ ಹೊಯ್ಯುತ್ತಾರೆ. ಅದು ಕುಡಿಯುವುದಕ್ಕೆ ಸಾಲುತ್ತದೆ, ಬೇಯಿಸುವುದಕ್ಕೆ ಸಾಲದು. ಮಲಪ್ರಭೆಯ ನೀರು ಇನ್ನೂ ಮೆದು, ಆದರೆ ಹೊಳೆ ಎರಡು ಹರದಾರಿ ದೂರ. ಭಟ್ಟಿಗೆ ಅಲ್ಲಿಂದ ದಿನಾ ಎರಡು ಪೀಪಾಯಿ ನೀರು ಗಾಡಿಯಲ್ಲಿ ಬರುತ್ತದೆ. ಅದು ಬೆಲ್ಲ ಕೊಳೆಹಾಕುವುದಕ್ಕೆ ಮಾತ್ರ. ಆ ಪೀಪಾಯಿಗಳನ್ನೂ ಶೆಟ್ಟೆವ್ವ ಮುಟ್ಟುವಂತಿಲ್ಲ. ವಾರಕ್ಕೆ ಆರು ಕೊಡ ಹೊಳೆನೀರನ್ನು ತೊಳೆಯುವ ಕೆಲಸಕ್ಕೆಂದು ಗೊತ್ತುಮಾಡಿದ್ದಾರೆ. ಗಾಡಿಯ ಬೀರಪ್ಪ ಅದನ್ನು ಮೇಲಿಂದ ಅವಳ ಕೊಡಗಳಿಗೆ ಹೊಯ್ಯುತ್ತಾನೆ.

ಎರಡು ತಿಂಗಳ ಹಿಂದೆ ಶೆಟ್ಟೆವ್ವ ಚಳಿಜ್ವರ ಬಂದು ಮೂರು ವಾರ ಮಲಗಿದ್ದಳು. ಆಗಿನ್ನೂ ಬೈಲಹೊಂಗಲದಿಂದ ಹೊಸದಾಗಿ ಬಂದಿದ್ದ ಕಾರಕೂನ ನಿಜಗುಣಪ್ಪನವರು ಡೋಣಿಗೆ ಬಾವಿಯ ನೀರನ್ನೇ ನೇರ ತುಂಬಿಸಿದರು. ನೀರು ಕಣ್ಣಿಗೆ ತಿಳಿಯಾಗಿಯೇ ಇತ್ತು. ಅವಳು ಎದ್ದು ಬಂದಾಗ ನಳಿಗೆಯ ಮೇಲೆ ರೊಟ್ಟಿಯಷ್ಟು ದಪ್ಪ ಹಕ್ಕಳೆ. ವಾರ ವಾರ ಉಜ್ಜಿದರೂ ಮೇಲಿನ ಪದರು ಹೋಯಿತೇ ಹೊರತು ಒಳಗಿನದು ಕಲ್ಲಾಗಿತ್ತು. ತಪಾಸಣೆಗೆ ಬಂದ ಅಬಕಾರಿ ಇನ್ಸ್‌ಪೆಕ್ಟರರು ನಳಿಗೆಯ ಬಾಯಲ್ಲಿ ಆವಿ ಕಂಡು ಹದಿನೈದು ದಿನ ವಾಯಿದೆ ಕೊಟ್ಟು ಹೋದರು. ಭಟ್ಟಿಯ ಗುತ್ತಿಗೆದಾರರು ಕಾರಕೂನರನ್ನು ಕೇಳಿದರು, ಕಾರಕೂನರು ಶೆಟ್ಟೆವ್ವನನ್ನು.

“ವಯಸ್ಸಾತು ನಿನಗ. ಕೈಯಾಗ ಕಸುವಿಲ್ಲ” ಎಂದರಂತೆ. “ಬುಧವಾರ ಸಾಹೇಬ್ರು ಬರತಾರ. ಅವತ್ತ ಆವಿ ಕಂಡ್ರ ಬೇಸ್ತವಾರದಿಂದ ನೀ ಬರಬ್ಯಾಡ.”

ಇದನ್ನು ಹೇಳುವಾಗ ಶೆಟ್ಟೆವ್ವನ ದನಿ ಏರುವುದಿಲ್ಲ. ಆದರೆ ಕೆಲಸ ಹೋಗುವುದು ಈಗ ಸಣ್ಣ ಮಾತಲ್ಲ. ಒಬ್ಬಳೇ ಮಗಳು ಸಾವಂತ್ರೆವ್ವ ಚೊಚ್ಚಲ ಹೆರಿಗೆಗೆಂದು ರಾಮದುರ್ಗದಿಂದ ತವರಿಗೆ ಬಂದಿದ್ದಾಳೆ. ಮನೆಯಲ್ಲಿ ಎರಡು ಹೊಟ್ಟೆ, ಸ್ವಲ್ಪ ದಿನಕ್ಕೆ ಮೂರು. ಭಟ್ಟಿಯಿಂದ ಬರುವ ಜೋಳದ ಹೊರತು ಬೇರೆ ಆಸರೆಯಿಲ್ಲ. ರಾಮದುರ್ಗ ಹೊಳೆಯ ದಂಡೆಯ ಊರು. ಅಲ್ಲಿ ಎರಡು ವರ್ಷ ಬಾಳುವೆ ಮಾಡಿದ ಮಗಳಿಗೆ ತವರಿನ ಬೇಳೆ ಈಗ ಗಂಟಲಲ್ಲಿ ಇಳಿಯುತ್ತಿಲ್ಲ.

“ಅವ್ವಾ, ನಿನ್ನ ಬ್ಯಾಳ್ಯಾಗ ಬೂದಿ ನಾರತೈತಿ ಅಂತಾಳ್ರಿ. ಹುಟ್ಟಿದಾಗಿಂದ ಅದನ್ನ ಉಂಡ ಬೆಳದಾಳ, ಈಗ ನಾರತೈತಂತ! ಬಸರಿ ಮಾತು, ಏನ ಅನ್ನೂದು? ಒಂದ ಸರತಿ ಹೊಳಿ ನೀರಾಗ ಬೇಯಿಸಿ ಹಾಕಬೇಕಂತ ಮನಸೈತಿ. ನಾನೂ ಹೊಳಿಗೆ ಹೋದಾಗ ಬೊಗಸಿಲೆ ಕುಡದೇನಿ. ಮನಿ ಗಡಗಿಗೆ ಹಾಕಿಲ್ಲ.”

ಸೋಮವಾರ ಈ ಕಡೆ ಎತ್ತುಗಳಿಗೆ ನೊಗ ಹೇರುವುದಿಲ್ಲ. ಬೀರಪ್ಪನ ಗಾಡಿ ಬರುವುದಿಲ್ಲ, ಹೊಳೆನೀರಿಲ್ಲದೆ ಕೊಳೆಹಾಕುವಂತಿಲ್ಲ, ಆದ್ದರಿಂದ ಭಟ್ಟಿಯ ಒಲೆಯೂ ಆರಿರುತ್ತದೆ. ಡೋಣಿ ತೊಳೆಯುವುದು ಅಂದೇ. ಹರವಿಗಳ ತಿಳಿ ಬಸಿದ ಈ ಬೆಳಗು ಸೋಮವಾರದ ಬೆಳಗು. ಬುಧವಾರಕ್ಕೆ ಎರಡು ದಿನ.

ಹೊತ್ತು ಒಂದಾಳುದ್ದ ಏರಿದಾಗ ನಿಜಗುಣಪ್ಪನವರು ಬರುತ್ತಾರೆ. ಸಾಲಿ ಕಲಿತವರು, ಮೂವತ್ತು ದಾಟಿಲ್ಲ, ಕೋಟಿನ ಮೇಲೆ ಜರಿಯ ರುಮಾಲು. ಕೆಲಸ ಅವಸರದ್ದೆಂದು ಅವರಿಗೂ ಗೊತ್ತು. ಗುತ್ತಿಗೆದಾರರು ಮೊದಲು ಕೇಳುವುದು ಅವರನ್ನೇ. ಡೋಣಿಯ ಬದಿಯಲ್ಲಿ ಕಿತ್ತೂರ ಕಡೆಯಿಂದ ಬಂದ ಹುಣಸೆಹಣ್ಣು ನೆನೆದು ಕಿವುಚಿ ಸಿದ್ಧವಾಗಿದೆ. ಆಚೆ ಬೂದಿಯ ಬುಟ್ಟಿಗಳು, ಪಳಗಿದ ನೀರು, ರವಿವಾರ ಎತ್ತಿಟ್ಟ ಆರು ಕೊಡ ಹೊಳೆನೀರು. ಶೆಟ್ಟೆವ್ವನ ಕ್ರಮದಲ್ಲಿ ಮೊದಲು ಹುಳಿ, ಅದು ಅರ್ಧ ದಿನ ಕೂಡಬೇಕು. ಉಜ್ಜಿ ಚೆಲ್ಲಿದ ಮೇಲೆ ಹೊಳೆನೀರಿನಿಂದ ಜಾಲಿಸಬೇಕು. ಕೊನೆಗೆ ಪಳಗಿದ ನೀರು ತುಂಬಬೇಕು. ಕಾರಕೂನರು ಇದನ್ನೆಲ್ಲ ಒಂದು ಸಲ ನೋಡಿ ತಮ್ಮ ವಿಚಾರ ಹೇಳುತ್ತಾರೆ.

“ಹುಳಿ ಹಕ್ಕಳಿ ತಿನ್ನತೈತಿ, ಹೌದಲ್ಲೊ? ಬೂದಿ ನೀರ ಮೆತ್ತಗ ಮಾಡತೈತಿ, ಹೌದಲ್ಲೊ? ಎರಡೂ ಒಮ್ಮಿಗೇ ಹಾಕಿದ್ರ ಎರಡೂ ಕೆಲಸ ಒಮ್ಮಿಗೇ ಆಗ್ತಾವ. ಮೂರ ತಾಸಿನ ಕೆಲಸಕ್ಕ ದಿನಾ ಪೂರ್ತಿ ಮಾಡ್ಕೊಂಡ ಕುಂತೀರಿ.”

“ಅವು ಕೂಡೂದಿಲ್ರಿ ರಾಯರ” ಎನ್ನುತ್ತಾಳೆ ಶೆಟ್ಟೆವ್ವ. “ಒಂದ ಹೋದ ಮ್ಯಾಲ ಒಂದ ಬರಬೇಕು.”

“ಯಾರ ಹೇಳಿದ್ರು ನಿನಗ?”

ಯಾರೂ ಹೇಳಿದ್ದಲ್ಲ. ಒಲೆ ಉರಿಸುವ ಇಬ್ಬರು ಆಳುಗಳು ಹುಳಿ, ಎರಡು ಬುಟ್ಟಿ ಬೂದಿ, ಪಳಗಿದ ನೀರು, ಹೊಳೆನೀರು ಎಲ್ಲವನ್ನೂ ಡೋಣಿಗೆ ಸುರಿಯುತ್ತಾರೆ.

ಡೋಣಿ ಬುಸುಗುಡುತ್ತದೆ. ಕಂದು ನೊರೆ ಉಕ್ಕಿ ಅಂಚು ದಾಟಿ ನೆಲಕ್ಕೆ ಇಳಿಯುತ್ತದೆ. ಬೆಂಕಿಯಿಲ್ಲದೆ ಕುದಿಯುವ ತೊಟ್ಟಿಯನ್ನು ನೋಡಲು ದಾರಿಹೋಕರೂ ಬೇಲಿಯ ಹತ್ತಿರ ನಿಲ್ಲುತ್ತಾರೆ. ಎತ್ತುಗಳನ್ನು ಮೇಯಲು ಬಿಟ್ಟು ಸುಮ್ಮನೆ ಬಂದಿರುವ ಬೀರಪ್ಪ ಬಾಯಿ ತೆರೆದು ನಿಂತಿದ್ದಾನೆ. ನಿಜಗುಣಪ್ಪನವರ ಮುಖ ಅರಳಿದೆ.

“ನೋಡ್ರಿ, ಹ್ಯಾಂಗ ತಿನ್ನಾಕ ಹತ್ತೇತಿ!”

ವೀಳ್ಯದೆಲೆ ಹಾಕಿ ಮುಗಿಸುವಷ್ಟು ಹೊತ್ತು ನೊರೆ ಏಳುತ್ತದೆ, ಆಮೇಲೆ ಕೂರುತ್ತದೆ. ಮಧ್ಯಾಹ್ನ ನೀರು ಹೊರಬಿಟ್ಟು ನೋಡಿದರೆ ಹನ್ನೊಂದು ಸುತ್ತಿನ ಮೇಲೂ ಹಕ್ಕಳೆ ಇದ್ದಂತೆಯೇ ಇದೆ, ಮೇಲೆ ಒಂದಿಷ್ಟು ಹೊಸ ಕೆಸರು. ಶೆಟ್ಟೆವ್ವ ಬಗ್ಗಿ ಗೆಣ್ಣಿನಿಂದ ತಟ್ಟುತ್ತಾಳೆ. ನಳಿಗೆ ಮಾತಾಡುವುದಿಲ್ಲ.

“ಅತ್ತಿ ಸೊಸಿ ಇಬ್ಬರನ್ನೂ ಒಂದ ಒಲಿ ಮುಂದ ಕುಂದರಿಸಿದಂಗ ಆತ್ರಿ” ಎನ್ನುತ್ತಾಳೆ, ಕಾರಕೂನರಿಗೆ ಕೇಳಿಸದಷ್ಟು ಮೆಲ್ಲಗೆ. “ಗದ್ದಲ ಭಾಳ, ಅಡಗಿ ಇಲ್ಲ. ಹುಳಿ ಬೂದೀನ ತಿಂತು, ಬೂದಿ ಹುಳೀನ ತಿಂತು. ಹಕ್ಕಳೀನ ತಿನ್ನೂರ ಯಾರೂ ಉಳೀಲಿಲ್ಲ.”

ಯಾಕೆ ತಡೆಯಲಿಲ್ಲ ಎಂದು ಕೇಳಿದರೆ, “ಒಮ್ಮೆ ಹೇಳಿದೆ. ಎರಡನೇ ಸರತಿ ಹೇಳೂದು ನನ್ನ ಕಡೆ ಇಲ್ರಿ” ಎಂದಷ್ಟೇ ಹೇಳುತ್ತಾಳೆ.

ಈಗ ಕೇಡು ಸ್ಪಷ್ಟವಾಗಿದೆ. ಒಂದು ಮಣ ಹುಣಸೆಹಣ್ಣು ನೆಲ ಸೇರಿತು. ಕಿತ್ತೂರ ಕಡೆಯ ಗಾಡಿ ಮೂರು ದಿನದ ದಾರಿ. ಊರಿನ ಮನೆಗಳಲ್ಲಿ ಇರುವುದು ಹೋದ ಬೇಸಿಗೆಯ ಹುಣಸೆ, ತಳ ಕಂಡ ಗಡಿಗೆಗಳಲ್ಲಿ ಸೇರು, ಎರಡು ಸೇರು. ಕಾರಕೂನರು ರುಮಾಲು ತೆಗೆದು ಕಟ್ಟೆಯ ಮೇಲೆ ಇಟ್ಟು ಕುಳಿತಿದ್ದಾರೆ. ಬೈಯುವುದನ್ನೂ ನಿಲ್ಲಿಸಿದ್ದಾರೆ.

ಶೆಟ್ಟೆವ್ವ ಹಂಡೆಯ ಹತ್ತಿರ ನಿಂತಿದ್ದಾಳೆ. ರವಿವಾರದ ಕೊನೆಯ ಸುತ್ತಿನ ಸೆರೆ ಇಳಿದ ಮೇಲೆ ಉಳಿದ ಗಸಿ ಹಿಂದಿನ ಗುಂಡಿಯಲ್ಲಿ ತುಂಬಿದೆ. ಕಪ್ಪಗೆ, ಹಳಸಿ ಹುಳಿ ನಾರುವ ನೀರು, ಜಾಲಿಚಕ್ಕೆಯ ಒಗರು ಸೇರಿದ್ದು. ದಿನಾ ಚೆಲ್ಲುವಂಥದು.

“ರಾಯರ, ಒಂದ ಮಾತ. ಈ ಗಸೀನ ಕಾಸಿ ಡೋಣಿಗೆ ಹಾಕೂಣೇನ್ರಿ?”

“ಹೊಲಸ ಹಾಕಿ ತೊಳದ್ರ ಹೊಲಸ ಆಗತೈತಿ. ತಲಿ ಕೆಟ್ಟೈತೇನ?”

“ಕೆಟ್ಟಿಲ್ರಿ. ಹಂಡಿ ಒಳಗ ಒಂದ ಸರತಿ ಕೈ ಆಡಸ್ರಿ. ಆಮ್ಯಾಲ ನಳಗಿ ಮ್ಯಾಲ ಆಡಸ್ರಿ.”

ಕಾರಕೂನರು ಏಳುವುದಿಲ್ಲ. ಬೀರಪ್ಪ ನಡುವೆ ಬಾಯಿ ಹಾಕುತ್ತಾನೆ. “ಆಡಸ್ರಿ ರಾಯರ, ಕೈ ಏನ ಕಡಿಯೂದಿಲ್ಲ ಅದು. ಇಷ್ಟ ಆದ ಮ್ಯಾಲ ಇನ್ನೇನ ಹೋಗೂದೈತಿ?”

ನಿಜಗುಣಪ್ಪನವರು ಕೋಟಿನ ತೋಳು ಮಡಚಿ ಹಂಡೆಯೊಳಗೆ ಕೈ ಇಳಿಸುತ್ತಾರೆ. ತಾಮ್ರ ನುಣ್ಣಗಿದೆ. ಡೋಣಿಯ ನಳಿಗೆಯ ಮೇಲೆ ಆಡಿಸಿದರೆ ಸಾಣೆಕಲ್ಲು. ಮತ್ತೆ ಹಂಡೆಗೆ ಹೋಗಿ ಇನ್ನೊಮ್ಮೆ ಮುಟ್ಟುತ್ತಾರೆ.

“ಹದಿನಾಲ್ಕ ವರ್ಷ ಆತ್ರಿ ತೊಳಿಯಾಕ ಹತ್ತಿ” ಎನ್ನುತ್ತಾಳೆ ಶೆಟ್ಟೆವ್ವ. “ಹಂಡಿ ಒಳಗ ಎಂದೂ ಹಕ್ಕಳಿ ಕಂಡಿಲ್ಲ. ಬೆಂಕಿ ಅಲ್ಲೇ ಹೆಚ್ಚ, ಖರೇ ಅಂದ್ರ ಅಲ್ಲೇ ಹೆಚ್ಚ ಕುಂದರಬೇಕ. ಯಾಕ ಕುಂದ್ರೂದಿಲ್ಲ? ಒಳಗ ಕೊಳಿ ಇರತೈತಿ. ಅದು ಕುಂದರಗೊಡೂದಿಲ್ಲ.”

ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ಯಾರೋ ಕೇಳುತ್ತಾರೆ. ಹುಣಸೆಹಣ್ಣು ಇತ್ತಲ್ಲ ಎನ್ನುತ್ತಾಳೆ.

ಸೋಮವಾರ ಎಂದೂ ಹೊತ್ತದ ಒಲೆ ಅಂದು ಮಧ್ಯಾಹ್ನ ಹೊತ್ತುತ್ತದೆ. ಗಸಿಯನ್ನು ಹಂಡೆಗೆ ತುಂಬಿ, ಕೈ ತಾಳದಷ್ಟು ಕಾಸಿ, ಡೋಣಿಗೆ ಬಿಡುತ್ತಾರೆ. ನೊರೆ ಉಕ್ಕುವುದಿಲ್ಲ. ಹೊತ್ತು ಇಳಿಯುವವರೆಗೆ ನಾಲ್ಕು ಸಲ ಹಳೆಯದನ್ನು ಬಿಟ್ಟು ಹೊಸ ಬಿಸಿಯನ್ನು ತುಂಬುತ್ತಾರೆ. ಬೇಲಿಯ ಹತ್ತಿರ ಯಾರೂ ನಿಲ್ಲುವುದಿಲ್ಲ, ನೋಡುವಂಥದು ಏನೂ ನಡೆಯುತ್ತಿಲ್ಲ. ನಳಿಗೆಯ ಮೈಯಿಂದ ಸಣ್ಣ ಸಣ್ಣ ಗುಳ್ಳೆ ಒಂದೊಂದಾಗಿ ಬಿಡುತ್ತಿವೆ. ಶೆಟ್ಟೆವ್ವ ಅದನ್ನು ನೋಡಿಕೊಂಡು ಸಂಜೆಗೆ ಮತ್ತೆ ಹನ್ನೆರಡು ಹರವಿ ತುಂಬಿ, ಬೂದಿ ಕಲಕಿ ಮನೆಗೆ ಹೋಗುತ್ತಾಳೆ.

ಮಂಗಳವಾರ ಬೆಳಗ್ಗೆ ಗಸಿ ಹೊರಬಿಟ್ಟಾಗ ಹಕ್ಕಳೆ ಇನ್ನೂ ಇದೆ. ಆದರೆ ಉಗುರು ಇಟ್ಟರೆ ಇಳಿಯುತ್ತದೆ. ಶೆಟ್ಟೆವ್ವ ಸೀರೆಯ ಕಚ್ಚೆ ಬಿಗಿದು ಡೋಣಿಗೆ ಇಳಿಯುತ್ತಾಳೆ. ಸುತ್ತಿಗೂ ಸುತ್ತಿಗೂ ನಡುವೆ ನಾಲ್ಕು ಬೆರಳಗಲದ ಸಂದಿ. ಅದರಲ್ಲಿ ಅವಳ ಕೈ ಮಾತ್ರ ಹೋಗುತ್ತದೆ, ಒಲೆಯ ಆಳುಗಳ ತೋಳು ಸಿಕ್ಕಿಕೊಳ್ಳುತ್ತದೆ. ಪುಂಡಿನಾರು ಹಿಡಿದು ಕೆಳಗಿನ ಸುತ್ತಿನಿಂದ ಉಜ್ಜುತ್ತ ಮೇಲೆ ಬರುತ್ತಾಳೆ. ಹಕ್ಕಳೆ ಕೆನೆಯ ಹಾಗೆ ಸುರುಳಿ ಸುರುಳಿಯಾಗಿ ಬಿಡುತ್ತದೆ. ಗಟ್ಟಿ ಇದ್ದಲ್ಲಿ ಅವಸರ ಮಾಡುವುದಿಲ್ಲ, ಒಂದು ಹಿಡಿ ಬಿಸಿ ಗಸಿ ಹಾಕಿ ಬಟ್ಟೆ ಸುತ್ತಿ ಮುಂದೆ ಹೋಗಿ ತಿರುಗಿ ಬರುತ್ತಾಳೆ. ನಡುವೆ ನಡುವೆ ಗೆಣ್ಣಿನ ಸದ್ದು ಮಾತ್ರ.

ಮಧ್ಯಾಹ್ನದ ಹೊತ್ತಿಗೆ ಬೀರಪ್ಪನ ಗಾಡಿ ಬರುತ್ತದೆ. ದೊಡವಾಡದಿಂದ ತಂದ ಎತ್ತುಗಳ ಜೋಡಿ ಅವನದು, ಅವುಗಳ ಮೇಲೆ ಅವನಿಗೆ ಹೆಮ್ಮೆ ಬಹಳ.

“ಶೆಟ್ಟೆವ್ವಾ, ನನ್ನ ಎತ್ತಿನ ಮೈ ಸುದ್ದಾ ಇಷ್ಟ ತಿಕ್ಕಿ ತೊಳದಿಲ್ಲ ನಾ. ಆ ನಳಗೀಗೆ ಮದುವಿ ಐತೇನ?”

“ಐತಿ ಯಪ್ಪಾ. ನಾಳೆ ಹೆಣ್ಣ ನೋಡಾಕ ಬರತಾರ. ನೀರ ಹೊಯ್ಯಿ.”

ಸೋಮವಾರ ಸುರಿದುಹೋದ ನೀರಿಗೆ ಬದಲಾಗಿ ಆರು ಕೊಡ ಸಾಲಾಗಿ ಇಟ್ಟು ಅವಳು ಹಿಂದೆ ಸರಿಯುತ್ತಾಳೆ. ಅವನು ಮೇಲಿಂದ ಹೊಯ್ಯುತ್ತಾನೆ. ಹುಳಿಯ ಅಂಶ ನಳಿಗೆಯ ಮೇಲೆ ಉಳಿದರೆ ಹಸಿರು ಕಿಲುಬು ಬರುತ್ತದೆ. ಬೂದಿಯ ನೀರು ಅದಕ್ಕೆ ತಾಗಿದರೆ ಮತ್ತೆ ಕೆಸರು. ಆದ್ದರಿಂದ ಎರಡರ ನಡುವೆ ಹೊಳೆನೀರು. “ಇಬ್ಬರ ಭೆಟ್ಟಿ ಆಗಬಾರದ್ರಿ” ಎನ್ನುತ್ತ ಅವಳು ಬೊಗಸೆ ಬೊಗಸೆಯಾಗಿ ಮೇಲಿನ ಸುತ್ತಿನಿಂದ ಜಾಲಿಸುತ್ತ ಇಳಿಯುತ್ತಾಳೆ. ಯಾವ ಸೋಮವಾರವೂ ಆರು ಕೊಡ ಪೂರ್ತಿ ಬೇಕಾಗುತ್ತದೆ. ಅಂದು ಐದರಲ್ಲಿ ಮುಗಿಯುತ್ತದೆ. ಅದು ಕೈಚಳಕವೋ ಮೊದಲೇ ಮನಸ್ಸಿನಲ್ಲಿದ್ದದ್ದೋ ಅವಳು ಹೇಳುವುದಿಲ್ಲ.

ಆರನೆಯ ಕೊಡ ನೋಡಿ ಕಾರಕೂನರು, “ಅದನ್ನ ಪೀಪಾಯಿಗೆ ಹೊಯ್ಯಿ” ಎನ್ನುತ್ತಾರೆ.

ಬೀರಪ್ಪ ತಲೆ ಕೆರೆದುಕೊಳ್ಳುತ್ತಾನೆ. “ಹ್ಯಾಂಗ ಹೊಯ್ಯೂದ್ರಿ? ಅದು ಅಕಿ ಕೊಡಾ. ತಿರಗಿ ಪೀಪಾಯಿಗೆ ಹಾಕಿದ್ರ ಊರಾಗ ನಮ್ಮನ್ನ ಕೇಳತಾರ. ಅಕೀನ ಒಯ್ಯಲಿ ಬಿಡ್ರಿ.”

ಕಾರಕೂನರು ಆಯಿತೆಂದು ಕೈ ಆಡಿಸುತ್ತಾರೆ. ಶೆಟ್ಟೆವ್ವ ಕೊಡದ ಬಾಯಿಗೆ ಬಾಳೆಲೆ ಕಟ್ಟಿ ಹಿತ್ತಿಲ ನೆರಳಿನಲ್ಲಿ ಇಡುತ್ತಾಳೆ. ಮನೆಗೆ ಒಯ್ಯುವುದಿಲ್ಲ.

“ಬುಧವಾರ ಆಗ್ಲಿ. ಕೆಲಸ ಹೋದ ಮ್ಯಾಲ ಇವರ ನೀರ ನನಗ್ಯಾಕ್ರಿ?”

ಬುಧವಾರ ಬೆಳಗ್ಗೆ ಡೋಣಿ ತುಂಬ ಪಳಗಿದ ನೀರು, ಹಂಡೆಯ ತುಂಬ ಕೊಳೆ, ಕೆಳಗೆ ಉರಿ. ಒಂಬತ್ತು ಗಂಟೆಯ ಸುಮಾರಿಗೆ ಸವದತ್ತಿಯ ಕಡೆಯಿಂದ ಕುದುರೆಯ ಮೇಲೆ ಇನ್ಸ್‌ಪೆಕ್ಟರರು ಬರುತ್ತಾರೆ. ಹೆಚ್ಚು ಮಾತಿನವರಲ್ಲ. ನಳಿಗೆಯ ಬಾಯ ಹತ್ತಿರ ಕೂರುತ್ತಾರೆ. ಮೊದಲ ಹನಿ ಬೀಳುತ್ತದೆ, ಎರಡನೆಯದು, ಆಮೇಲೆ ನೂಲಿನಂಥ ಧಾರೆ. ಅವರು ಕಿಸೆಯ ಗಡಿಯಾರ ತೆಗೆದು ಅದರ ಗಾಜನ್ನು ನಳಿಗೆಯ ಬಾಯಿಗೆ ಹಿಡಿಯುತ್ತಾರೆ. ಎಲ್ಲರೂ ಗಾಜನ್ನೇ ನೋಡುತ್ತಿದ್ದಾರೆ. ಶೆಟ್ಟೆವ್ವ ಬೂದಿಯ ರಾಶಿಯ ಹತ್ತಿರ, ಹೆಂಗಸರು ನಿಲ್ಲಬೇಕಾದಷ್ಟು ದೂರದಲ್ಲಿ ನಿಂತಿದ್ದಾಳೆ. ಅಲ್ಲಿಂದ ಗಾಜು ಕಾಣುವುದಿಲ್ಲ. ಅವಳು ಇನ್ಸ್‌ಪೆಕ್ಟರರ ಹೆಬ್ಬೆರಳನ್ನು ನೋಡುತ್ತಾಳೆ. ಗಾಜು ಮಸುಕಾದರೆ ಹೆಬ್ಬೆರಳು ಒರೆಸುತ್ತದೆ.

ಹೆಬ್ಬೆರಳು ಒರೆಸುವುದಿಲ್ಲ. ಗಡಿಯಾರ ಕಿಸೆಗೆ ಹೋಗುತ್ತದೆ.

“ಹದಿನೈದು ದಿನದಲ್ಲಿ ಏನು ಮಾಡಿದಿರಿ?” ಎಂದು ಅವರು ಕೇಳುತ್ತಾರೆ.

“ಹಳೆ ಗಸಿ ಕಾಸಿ ಹಾಕಿ ತೊಳಿಯೂ ಪದ್ಧತಿ ಐತ್ರಿ ನಮ್ಮಲ್ಲಿ” ಎನ್ನುತ್ತಾರೆ ನಿಜಗುಣಪ್ಪನವರು.

ಪೀಪಾಯಿಗೆ ಒರಗಿ ನಿಂತ ಬೀರಪ್ಪ ಎತ್ತಿನ ಕಿವಿಗೆ ಹೇಳುವವನ ಹಾಗೆ, “ಎರಡ ದಿನದ ಪದ್ಧತಿ. ಇನ್ನೂ ಕಣ್ಣ ಬಿಟ್ಟಿಲ್ಲ” ಎನ್ನುತ್ತಾನೆ. ಶೆಟ್ಟೆವ್ವ ಸೆರಗು ಬಾಯಿಗೆ ಹಿಡಿದು ಆ ಕಡೆ ತಿರುಗುತ್ತಾಳೆ.

ಕುದುರೆ ದಾರಿ ಹಿಡಿದ ಮೇಲೆ ಕಾರಕೂನರು ಬೂದಿಯ ರಾಶಿಯ ಹತ್ತಿರ ಬರುತ್ತಾರೆ. ರಾಶಿಯನ್ನು ನೋಡುತ್ತ ಕೇಳುತ್ತಾರೆ.

“ಬರೂ ಸೋಮವಾರಕ್ಕ ಎಷ್ಟ ಹೊರಿ ಕಟಗಿ ತರಸಬೇಕ?”

“ಎರಡ ಸಾಕ್ರಿ.”

“ಹುಣಸಿಹಣ್ಣು?”

“ಅರ್ಧ ಮಣ ತರಸ್ರಿ. ಉಳದದ್ದಕ್ಕ ಗಸಿ ಐತಿ.”

ಕೆಲಸ ಉಳಿಯಿತೆಂದು ಬೇರೆ ಯಾರೂ ಹೇಳುವುದಿಲ್ಲ. ಅವಳೂ ಕೇಳುವುದಿಲ್ಲ. ಹಿತ್ತಿಲಿಗೆ ಹೋಗಿ, ಬಾಳೆಲೆ ಕಟ್ಟಿದ ಕೊಡವನ್ನು ಸಿಂಬಿಯ ಮೇಲೆ ಏರಿಸಿಕೊಂಡು ಕೇರಿಯ ದಾರಿ ಹಿಡಿಯುತ್ತಾಳೆ.

ಅವಳ ಮನೆ ಕೇರಿಯ ಕೊನೆಯದು. ಗೋಡೆಯ ದೀಪದ ಗೂಡು ಬೆಳ್ಳಗೆ ಹೊಳೆಯುತ್ತದೆ. ವಾರ ವಾರ ನಳಿಗೆಯಿಂದ ತೆಗೆದ ಹಕ್ಕಳೆಯನ್ನು ಅರೆದು ಬಳಿದದ್ದು. ಸಾವಂತ್ರೆವ್ವ ಗೋಡೆಗೆ ಒರಗಿ ಕಾಲು ಚಾಚಿ ಕುಳಿತಿದ್ದಾಳೆ, ದಿನ ತುಂಬುತ್ತ ಬಂದಿದೆ.

“ಅದೇನ ಹೊತ್ಕೊಂಡ ಬಂದಿ? ನಮ್ಮ ಬಾವ್ಯಾಗ ನೀರಿಲ್ಲೇನು?”

“ನಿಮ್ಮ ಅತ್ತಿಮನ್ಯಾರ ಕಳಿಸ್ಯಾರ, ಸುಮ್ನ ಕುಂದ್ರ.”

ಗಡಿಗೆಗೆ ನೀರು ಹೊಯ್ದು ಒಲೆಯ ಮೇಲಿಟ್ಟು ಬೇಳೆ ಹಾಕುತ್ತಾಳೆ. ಕೈ ತಾನಾಗಿ ಒಲೆಯ ಪಕ್ಕದ ಬೂದಿನೀರಿನ ಕುಡಿಕೆಯ ಕಡೆ ಹೋಗುತ್ತದೆ, ಅರ್ಧಕ್ಕೆ ನಿಂತು ತಿರುಗಿ ಬರುತ್ತದೆ. ಮಾಡುವುದಕ್ಕೆ ಏನೂ ಇಲ್ಲದೆ ಸೌಟು ಹಿಡಿದು ಕೂರುತ್ತಾಳೆ. ಎಂದಿನ ಅಳತೆಯಲ್ಲಿ ಇನ್ನೂ ಅರ್ಧ ಹೊತ್ತು ಉಳಿದಿದೆ ಎನ್ನುವಾಗಲೇ ಬೇಳೆ ಉಬ್ಬಿ ಅರಳಿ ಗಡಿಗೆಯ ನೀರು ಹಳದಿಯಾಗುತ್ತದೆ. ಒಂದು ಕಾಳು ತೆಗೆದು ಒತ್ತಿ ನೋಡುತ್ತಾಳೆ. ಒತ್ತುವ ಮೊದಲೇ ಒಡೆದಿದೆ.

ಮಗಳು ರೊಟ್ಟಿ ಮುರಿದು ಬೇಳೆಯಲ್ಲಿ ಅದ್ದಿ ಉಣ್ಣುತ್ತಾಳೆ. ಗಂಗಾಳ ಬರಿದಾದ ಮೇಲೆ ತಲೆಯೆತ್ತದೆ ಮುಂದಕ್ಕೆ ಹಿಡಿಯುತ್ತಾಳೆ.

“ಅವ್ವಾ, ಇನ್ನೊಂದ ಸೌಟ.”

ಶೆಟ್ಟೆವ್ವ ಹಾಕುತ್ತಾಳೆ. ಹೊಳೆನೀರಿನ ಬೇಳೆ ಹೇಗಿದೆ ಎಂದು ಕೇಳಿದರೆ ಗಡಿಗೆಯೊಳಗೆ ಬಗ್ಗಿ ನೋಡಿ, ಸೌಟಿನ ತುದಿಯಿಂದ ನಾಲಿಗೆಗೆ ಹಚ್ಚಿಕೊಳ್ಳುತ್ತಾಳೆ.

“ಛಲೋ ಐತ್ರಿ” ಎನ್ನುತ್ತಾಳೆ. “ಆದ್ರ ಇದ್ರಾಗ ನಾ ಮಾಡಿದ್ದು ಏನೂ ಇಲ್ಲ, ತಾನ ಬೆಂತು. ಇಂಥಾ ನೀರಾಗ ಯಾರರ ಬೇಯಿಸ್ತಾರ ಬಿಡ್ರಿ.”